ಇಪ್ಪತ್ತೈದು ಕಂಪ್ಯೂಟರ್‌ಗಳೊಳಗಿನ ಕಚೇರಿಗೆ ಕಡಿಮೆ ಖರ್ಚಿನ ಸೈಬರ್ ನಿಗಾ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಣ್ಣ ಸಂಸ್ಥೆಗಳಿಗೆ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಸಿರುಗುಪ್ಪದ ಅಕ್ಕಿ ಗಿರಣಿ, ಬಳ್ಳಾರಿಯ ಜೀನ್ಸ್ ಘಟಕ, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ಸಿಂಧನೂರಿನ ನರ್ಸಿಂಗ್ ಹೋಂ, ಕುಷ್ಟಗಿಯ ಪತ್ತಿನ ಸಹಕಾರಿ ಸಂಘ, ಕೊಪ್ಪಳದ ಖಾಸಗಿ ಶಾಲೆ. ಇಂಥ ಕಚೇರಿಗಳ ಒಳಗೆ ಹೋದರೆ ಚಿತ್ರ ಹೆಚ್ಚುಕಡಿಮೆ ಒಂದೇ: ಟ್ಯಾಲಿ ಇರುವ ಒಂದು ಸಿಸ್ಟಮ್, ಬ್ಯಾಂಕ್ ವ್ಯವಹಾರಕ್ಕೆ ಇನ್ನೊಂದು, ಬಿಲ್ ಹಾಕಲು ಮೂರ್ನಾಲ್ಕು, ಸಿಸಿ ಕ್ಯಾಮೆರಾದ ಡಿವಿಆರ್, ಮೂಲೆಯಲ್ಲೊಂದು ಫೈಬರ್ ರೂಟರ್. ಕಂಪ್ಯೂಟರ್ ನೋಡಿಕೊಳ್ಳಲೆಂದೇ ಸಂಬಳದ ಮೇಲೆ ಯಾರೂ ಇರುವುದಿಲ್ಲ. ಕೆಟ್ಟಾಗ ಹೊರಗಿನಿಂದ ಒಬ್ಬರು ಬಂದು ಸರಿಮಾಡಿ ಹೋಗುತ್ತಾರೆ.

ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ಒಂದೇ ರಾತ್ರಿಯಲ್ಲಿ ನಡೆದುಹೋದಂತೆ ಕಾಣುತ್ತದೆ. ಬಹಳ ಸಲ ಹಾಗಿರುವುದಿಲ್ಲ. ಒಳಗೆ ಬರುವವರು ಮೊದಲು ಪಾಸ್‌ವರ್ಡ್ ಊಹಿಸಿ ನೋಡುತ್ತಾರೆ, ಒಳಹೊಕ್ಕ ಮೇಲೆ ತಮಗೊಂದು ಹೊಸ ಖಾತೆ ಮಾಡಿಕೊಳ್ಳುತ್ತಾರೆ, ಆಂಟಿವೈರಸ್ ಆಫ್ ಮಾಡುತ್ತಾರೆ, ಬ್ಯಾಕಪ್ ಎಲ್ಲಿದೆ ಎಂದು ಹುಡುಕಿ ಅಳಿಸುತ್ತಾರೆ, ಕೊನೆಗೆ ಬೀಗ ಹಾಕುತ್ತಾರೆ. ಈ ಪ್ರತಿ ಹೆಜ್ಜೆಯ ಗುರುತೂ ವಿಂಡೋಸ್‌ನಲ್ಲಿ ಉಳಿಯುವಂತೆ ಮಾಡಬಹುದು. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಸುರಿದು ಸಾವಿರಾರು ಬಗೆಯ ಸುಳಿವು ನೋಡುತ್ತವೆ. ನಮ್ಮಲ್ಲಿ ಒಂಬತ್ತೋ ಹತ್ತೋ ಸುಳಿವು ಸಾಕು. ಆದರೆ ಆ ಹತ್ತೂ ಒಬ್ಬ ನಿರ್ದಿಷ್ಟ ವ್ಯಕ್ತಿಯ ಫೋನಿಗೆ ಬರಬೇಕು, ಅವರು ದಿನಕ್ಕೆ ಕಾಲು ಗಂಟೆ ಕೂತು ನೋಡಬೇಕು. ಆ ವ್ಯಕ್ತಿ ಯಾರೆಂದು ತೀರ್ಮಾನವಾಗುವವರೆಗೆ ಯಾವ ಸಾಫ್ಟ್‌ವೇರನ್ನೂ ಹಾಕಿಸಬೇಡಿ. ಲೆಕ್ಕ ಬರೆಯುವವರಾದರೂ ಆದೀತು, ಶಾಲೆಯಾದರೆ ಕಂಪ್ಯೂಟರ್ ಟೀಚರ್ ಆದೀತು. ಅವರು ರಜೆ ಹಾಕಿದಾಗ ನೋಡಲು ಇನ್ನೊಬ್ಬರೂ ಬೇಕು.

ಖರ್ಚಿನ ಅಂದಾಜು: ಹಳೆಯದನ್ನು ಹೊಸದು ಮಾಡಿ ಮಾರುವ ಐ5 ಡೆಸ್ಕ್‌ಟಾಪ್ ಒಂದು, ಯುಪಿಎಸ್ ಒಂದು, ಹೊರಗಿನ ಹಾರ್ಡ್ ಡಿಸ್ಕ್ ಒಂದು. ಎಲ್ಲ ಸೇರಿ 25ರಿಂದ 35 ಸಾವಿರ ರೂಪಾಯಿಯಲ್ಲಿ ಮುಗಿಸಬಹುದು. ಸಾಫ್ಟ್‌ವೇರ್ ಎಲ್ಲ ಉಚಿತ.

ಹಂತ 1: ಏನೇನಿದೆ ಎಂದು ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಂಪ್ಯೂಟರಿನ ಹೆಸರು, ಕೂರುವ ಜಾಗ, ಯಾರು ಬಳಸುತ್ತಾರೆ, ವಿಂಡೋಸ್ ಯಾವುದು, ಅದರಲ್ಲಿ ಏನು ಕೆಲಸ ಎಂದು ಬರೆಯಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಗಳಿಗೆ ಗುರುತು ಹಾಕಿ. ಬ್ಯಾಂಕ್ ಕೆಲಸ ಅವುಗಳಲ್ಲಿ ನಡೆಯುತ್ತಿದ್ದರೆ ಮೊದಲು ಅದನ್ನು ಬೇರೆ ಯಂತ್ರಕ್ಕೆ ಸಾಗಿಸಿ.

ವಿಂಡೋಸ್ ತಾನೇ ಇಟ್ಟ, ಡೆಸ್ಕ್‌ಟಾಪ್ ಎಂದು ಶುರುವಾಗುವ ಅರ್ಥವಿಲ್ಲದ ಹೆಸರುಗಳನ್ನು ಬದಲಿಸಿ. ಟ್ಯಾಲಿ-1, ಕೌಂಟರ್-2, ತೂಕ-1 ಎಂದಿದ್ದರೆ ರಾತ್ರಿ ಎಚ್ಚರಿಕೆ ಬಂದಾಗ ಯಾವ ಮೇಜಿನ ಮೇಲಿನ ಸಿಸ್ಟಮ್ ಎಂದು ಕೂಡಲೇ ತಿಳಿಯುತ್ತದೆ.

ಹಂತ 2: ತೆರೆದ ಬಾಗಿಲುಗಳನ್ನು ಮುಚ್ಚಿ

ನಿಗಾ ಶುರುವಾಗುವ ಮೊದಲೇ ಈ ಕೆಲಸ ಆಗಬೇಕು. ಇಲ್ಲದಿದ್ದರೆ ಮೊದಲ ದಿನವೇ ಎಚ್ಚರಿಕೆಗಳ ರಾಶಿ ಬಿದ್ದು, ನೋಡುವವರು ಎರಡನೇ ವಾರಕ್ಕೆ ಕೈಬಿಡುತ್ತಾರೆ.

ರೂಟರಿನ ಸೆಟ್ಟಿಂಗ್ಸ್ ತೆರೆದು ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ, ಅಂದರೆ ಹೊರಗಿನಿಂದ ಒಳಗೆ ಬರಲು ಬಿಟ್ಟ ದಾರಿಗಳ ಪಟ್ಟಿ, ನೋಡಿ. 3389 ಎಂಬ ಸಂಖ್ಯೆ ಇದ್ದರೆ ಅದು ರಿಮೋಟ್ ಡೆಸ್ಕ್‌ಟಾಪ್, ಅಂದರೆ ಇಡೀ ಜಗತ್ತಿಗೆ ನಿಮ್ಮ ಟ್ಯಾಲಿ ಯಂತ್ರದ ಲಾಗಿನ್ ಪರದೆ ತೆರೆದಿಟ್ಟಂತೆ. ಇದನ್ನು ತೆಗೆಯಲೇಬೇಕು. 3389ರ ಬದಲು 45000 ಎಂದೋ ಇನ್ನೊಂದೋ ಸಂಖ್ಯೆ ಕೊಟ್ಟರೆ ರಕ್ಷಣೆ ಸಿಗುವುದಿಲ್ಲ. ಸದಾ ಎಲ್ಲ ಪೋರ್ಟ್‌ಗಳನ್ನೂ ಜಾಲಾಡುವ ತಂತ್ರಾಂಶಗಳಿಗೆ ಅದೂ ಸಿಗುತ್ತದೆ. ಮನೆಯಿಂದ ಟ್ಯಾಲಿ ನೋಡಲೇಬೇಕಾದ ಮಾಲೀಕರಿಗೆ ವೈರ್‌ಗಾರ್ಡ್‌ನಂಥ ಉಚಿತ ವಿಪಿಎನ್, ಅಂದರೆ ಕಚೇರಿಗೆ ಬರುವ ಬೀಗವಿರುವ ದಾರಿ, ಹಾಕಿಕೊಡಿ. ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಅದು ಚಾಲೂ ಇದ್ದರೆ ಡಿವಿಆರ್ ತಾನಾಗಿಯೇ ಹೊರಗಿನ ಬಾಗಿಲು ತೆರೆದುಕೊಳ್ಳಬಲ್ಲದು. ಡಿವಿಆರ್‌ಗೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ಸಾಧ್ಯವಿದ್ದರೆ ಅದನ್ನು ರೂಟರಿನ ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿ.

ಇನ್ನು ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವ ಬಾಗಿಲು ಎನಿಡೆಸ್ಕ್, ಅಲ್ಟ್ರಾವ್ಯೂವರ್‌ನಂಥ, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ. ಟ್ಯಾಲಿ ಕೆಟ್ಟಾಗ "ಸರ್, ಎನಿಡೆಸ್ಕ್ ನಂಬರ್ ಹೇಳ್ರಿ" ಅನ್ನುತ್ತಾರೆ, ಹೇಳುತ್ತೇವೆ, ಕೆಲಸ ಮುಗಿಯುತ್ತದೆ. ಆದರೆ ಮುಂದಿನ ಸಲ ಕೇಳುವ ಗೋಜು ಬೇಡವೆಂದು ಒಂದು ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿರುತ್ತಾರೆ. ಅದೇ ಪಾಸ್‌ವರ್ಡ್ ಅವರ ಬೇರೆ ಗಿರಾಕಿಗಳಲ್ಲೂ ಇದ್ದರೆ ಒಂದು ಕಡೆ ಸೋರಿದ್ದು ಎಲ್ಲ ಕಡೆಗೂ ಕುತ್ತು. ಎನಿಡೆಸ್ಕ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್‌ಗೆ ಹೋಗಿ ಜನರಿಲ್ಲದಾಗ ಪ್ರವೇಶ ಕೊಡುವ ಆಯ್ಕೆ ತೆಗೆಯಿರಿ. ಅನುಮತಿ ಪಟ್ಟಿಯಲ್ಲಿ ನಿಮ್ಮ ಬೆಂಬಲದವರ ಐಡಿ ಮಾತ್ರ ಇಡಿ. ಯಾರು ಯಾವಾಗ ಬಂದರು ಎಂಬ ದಾಖಲೆಯನ್ನು ಎನಿಡೆಸ್ಕ್ ತಾನೇ ಇಡುತ್ತದೆ: ಇನ್‌ಸ್ಟಾಲ್ ಮಾಡಿದ್ದಾದರೆ ಸಿ ಡ್ರೈವ್‌ನ ಪ್ರೋಗ್ರಾಮ್‌ಡೇಟಾ ಫೋಲ್ಡರಿನೊಳಗೆ ಎನಿಡೆಸ್ಕ್ ಫೋಲ್ಡರ್, ಅದರಲ್ಲಿ ಕನೆಕ್ಷನ್ ಟ್ರೇಸ್ ಹೆಸರಿನ ಪಠ್ಯ ಕಡತ. ವಾರಕ್ಕೊಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು, ನೀವು ಕರೆದ ದಿನಗಳ ಜೊತೆ ತಾಳೆ ಹಾಕಿ.

ಹಂತ 3: ವಿಂಡೋಸ್ ದಾಖಲೆಗಳನ್ನು ಸರಿಪಡಿಸಿ

ಇವೆಂಟ್ ವ್ಯೂವರ್ (ವಿಂಡೋಸ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್‌ಗಳನ್ನು ತೋರಿಸುವ ಪ್ರೋಗ್ರಾಮ್) ತೆರೆದು ಸೆಕ್ಯುರಿಟಿ ಲಾಗ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಮೊದಲಿನಿಂದ ಇರುವ ಗಾತ್ರ 20 ಎಂಬಿ. ಅದು ತುಂಬಿದಾಗ ಹಳೆಯದು ಅಳಿದು ಹೊಸದು ಬರೆಯುತ್ತದೆ. ಗಡಿಬಿಡಿಯ ಯಂತ್ರದಲ್ಲಿ ಕೆಲವೇ ದಿನಗಳ ದಾಖಲೆ ಉಳಿಯುತ್ತದೆ. ಅದನ್ನು 524288 ಕೆಬಿಗೆ, ಅಂದರೆ 512 ಎಂಬಿಗೆ ಏರಿಸಿ.

ಮುಂದೆ ಲೋಕಲ್ ಸೆಕ್ಯುರಿಟಿ ಪಾಲಿಸಿಯ ಅಡ್ವಾನ್ಸ್ಡ್ ಆಡಿಟ್ ಭಾಗದಲ್ಲಿ ಲಾಗಾನ್, ಯೂಸರ್ ಅಕೌಂಟ್ ಮ್ಯಾನೇಜ್‌ಮೆಂಟ್, ಸೆಕ್ಯುರಿಟಿ ಗ್ರೂಪ್ ಮ್ಯಾನೇಜ್‌ಮೆಂಟ್, ಪ್ರೊಸೆಸ್ ಕ್ರಿಯೇಶನ್, ಅದರ್ ಆಬ್ಜೆಕ್ಟ್ ಆಕ್ಸೆಸ್ ಇವೆಂಟ್ಸ್ ಈ ಐದನ್ನು ಯಶಸ್ಸು, ವಿಫಲ ಎರಡಕ್ಕೂ ಚಾಲೂ ಮಾಡಿ. ವಿಂಡೋಸ್ ಹೋಂ ಆವೃತ್ತಿಯಲ್ಲಿ ಈ ಪರದೆಯೇ ಇಲ್ಲ. ಅಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆಡಿಟ್‌ಪಾಲ್ ಆಜ್ಞೆಯಿಂದ ಅದೇ ಕೆಲಸ ಮಾಡಬೇಕು. ಅಕೌಂಟ್ ಲಾಕೌಟ್ ಕೂಡ ಇಡಿ: ಹತ್ತು ತಪ್ಪು ಪಾಸ್‌ವರ್ಡ್‌ಗೆ ಹದಿನೈದು ನಿಮಿಷ ಬೀಗ.

ನಾವು ಕಾಯುವ ಸುಳಿವುಗಳು ಇವು. ಮೊದಲಿರುವುದು ವಿಂಡೋಸ್ ಆ ಬಗೆಯ ಘಟನೆಗೆ ಕೊಡುವ ಸಂಖ್ಯೆ. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿ.

4625: ತಪ್ಪು ಪಾಸ್‌ವರ್ಡ್. ಒಂದೆರಡಾದರೆ ಬೆಳಗಿನ ಅವಸರ, ನಿಮಿಷಕ್ಕೆ ಇಪ್ಪತ್ತಾದರೆ ಯಾರೋ ಊಹಿಸುತ್ತಿದ್ದಾರೆ.
4624, ಲಾಗಾನ್ ಟೈಪ್ 10: ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಬಂದದ್ದು.
4720: ಹೊಸ ಬಳಕೆದಾರ ಖಾತೆ.
4732: ಖಾತೆಯೊಂದನ್ನು ಗುಂಪಿಗೆ ಸೇರಿಸಿದ್ದು. ಅಡ್ಮಿನಿಸ್ಟ್ರೇಟರ್ಸ್ ಗುಂಪಾದರೆ ತಕ್ಷಣ ಏಳಬೇಕು.
1102: ಸೆಕ್ಯುರಿಟಿ ಲಾಗ್ ಅಳಿಸಿದ್ದು. ಸಣ್ಣ ಕಚೇರಿಯಲ್ಲಿ ಇದಕ್ಕೆ ಒಳ್ಳೆಯ ಕಾರಣ ಇರುವುದು ತೀರಾ ಅಪರೂಪ.
7045: ಹೊಸ ಸರ್ವಿಸ್ (ಹಿಂದೆ ತಾನಾಗಿ ಓಡುವ ಪ್ರೋಗ್ರಾಮ್) ಕೂರಿಸಿದ್ದು. ಇದು ಸಿಸ್ಟಮ್ ಲಾಗ್‌ನಲ್ಲಿ ಬರುತ್ತದೆ, ಸೆಕ್ಯುರಿಟಿಯಲ್ಲಿ ಅಲ್ಲ.
4698: ಹೊಸ ಶೆಡ್ಯೂಲ್ಡ್ ಟಾಸ್ಕ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ.
1116 ಮತ್ತು 5001: ವಿಂಡೋಸ್‌ನ ಸ್ವಂತ ಆಂಟಿವೈರಸ್ ಡಿಫೆಂಡರ್ ವೈರಸ್ ಕಂಡದ್ದು, ಡಿಫೆಂಡರ್‌ನ ಕಾವಲು ಆರಿದ್ದು.
4688: ಯಾವ ಪ್ರೋಗ್ರಾಮ್ ಓಡಿತು. ಇದರಲ್ಲಿ ವಿಎಸ್‌ಎಸ್‌ಅಡ್ಮಿನ್ ಬಳಸಿ ಶ್ಯಾಡೋ ಕಾಪಿ (ವಿಂಡೋಸ್ ತಾನೇ ಇಡುವ ಕಡತಗಳ ಹಳೆಯ ಪ್ರತಿ) ಅಳಿಸಿದ ಸಾಲು ಕಂಡರೆ ಬೀಗ ಬೀಳಲು ಹೆಚ್ಚು ಹೊತ್ತಿಲ್ಲ.

4688 ಒಂದಕ್ಕೆ ಇನ್ನೊಂದು ಸೆಟ್ಟಿಂಗ್ ಬೇಕು: ಕಮಾಂಡ್ ಲೈನ್ ಸೇರಿಸುವ ಆಯ್ಕೆ. ಅದಿಲ್ಲದಿದ್ದರೆ ಪ್ರೋಗ್ರಾಮಿನ ಹೆಸರಷ್ಟೇ ಬರುತ್ತದೆ, ಅದಕ್ಕೆ ಏನು ಹೇಳಿದರು ಎಂಬುದು ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಉಚಿತ ಸಿಸ್ಮಾನ್ ಹಾಕಿದರೆ ಇದೇ ಮಾಹಿತಿ ಇನ್ನೂ ಚೆನ್ನಾಗಿ ಸಿಗುತ್ತದೆ. ಆದರೆ ಮೊದಲ ತಿಂಗಳು ಅದರ ಗೊಡವೆ ಬೇಡ.

4625ರಲ್ಲಿ ಎಡವುವ ಒಂದು ಜಾಗವಿದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ (ಪರದೆ ತೋರಿಸುವ ಮೊದಲೇ ಪಾಸ್‌ವರ್ಡ್ ಕೇಳುವ ಆಯ್ಕೆ) ಚಾಲೂ ಇದ್ದಾಗ ವಿಫಲ ಪ್ರಯತ್ನಗಳು ಟೈಪ್ 10 ಎಂದು ದಾಖಲಾಗದೆ ಟೈಪ್ 3, ಅಂದರೆ ನೆಟ್‌ವರ್ಕ್ ಲಾಗಿನ್, ಎಂದು ದಾಖಲಾಗುತ್ತವೆ. ಟೈಪ್ 10 ಮಾತ್ರ ಹುಡುಕಿ "ಏನೂ ಇಲ್ಲ" ಎಂದು ಸಮಾಧಾನಪಟ್ಟರೆ ದಾಳಿ ಕಣ್ಣೆದುರೇ ತಪ್ಪಿಸಿಕೊಳ್ಳುತ್ತದೆ.

ಡಿಫೆಂಡರ್‌ನಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ (ಅದನ್ನು ಬೇರೆಯವರು ಆಫ್ ಮಾಡದಂತೆ ತಡೆಯುವ ಆಯ್ಕೆ) ಚಾಲೂ ಇದೆಯೇ ನೋಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಆಗ 1116 ಬರುವುದೇ ಇಲ್ಲ. ಆ ಆಂಟಿವೈರಸ್‌ನ ಸ್ವಂತ ವರದಿಯನ್ನೇ ನೋಡಬೇಕಾಗುತ್ತದೆ. ಲೈಸೆನ್ಸ್ ಮುಗಿದ ಆಂಟಿವೈರಸ್‌ಗಿಂತ ಸರಿಯಾಗಿ ಅಪ್‌ಡೇಟ್ ಆಗುತ್ತಿರುವ ಡಿಫೆಂಡರ್ ಮೇಲು.

ಹಂತ 4: ಒಂದು ಗಂಟೆಯಲ್ಲಿ ಆಗುವ ಉಚಿತ ಕಾವಲು

ಕೆನರಿಟೋಕನ್ಸ್ ಎಂಬ ಉಚಿತ ಸೇವೆಯಿದೆ. ಅಲ್ಲಿ ನಿಮ್ಮ ಇಮೇಲ್ ಕೊಟ್ಟು ಒಂದು ವರ್ಡ್ ಕಡತ ಮಾಡಿಸಿಕೊಳ್ಳಿ. "ಬ್ಯಾಂಕ್ ಪಾಸ್‌ವರ್ಡ್" ಎಂದು ಹೆಸರಿಟ್ಟು ಶೇರ್ ಫೋಲ್ಡರಿನಲ್ಲಿ ಇಡಿ. ಯಾರಾದರೂ ಅದನ್ನು ವರ್ಡ್‌ನಲ್ಲಿ ತೆರೆದರೆ ನಿಮಗೆ ಮೇಲ್ ಬರುತ್ತದೆ. ಕಚೇರಿಯವರಿಗೆಲ್ಲ ಮೊದಲೇ ಹೇಳಿಡಿ, ಕುತೂಹಲಕ್ಕೆ ತೆರೆಯುವವರು ಇದ್ದೇ ಇರುತ್ತಾರೆ. ನೆಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಸುದ್ದಿ ಬಾರದು. ಇದು ಪೂರ್ತಿ ಕಾವಲಲ್ಲ, ಒಂದು ಬಲೆ ಅಷ್ಟೇ.

ರೂಟರಿನ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 9.9.9.9 ಮತ್ತು 149.112.112.112 ಹಾಕಿ. ಕ್ವಾಡ್9 ಎಂಬ ಈ ಸೇವೆ ಕೆಟ್ಟವೆಂದು ಗೊತ್ತಿರುವ ತಾಣಗಳ ವಿಳಾಸ ಕೊಡುವುದೇ ಇಲ್ಲ.

ಮೇಲ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಕ್ಕಿ, ಹತ್ತಿ, ಸಿದ್ಧ ಉಡುಪಿನ ವ್ಯಾಪಾರದಲ್ಲಿ ದೂರದ ಊರಿನ ಖರೀದಿದಾರರಿಗೆ ಬಿಲ್ ಹೋಗುವುದು ಮೇಲ್‌ನಲ್ಲಿ. ಮೇಲ್‌ಪೆಟ್ಟಿಗೆಯೊಳಗೆ ನುಸುಳಿದವರು ಏನನ್ನೂ ಹಾಳುಮಾಡುವುದಿಲ್ಲ. ಸುಮ್ಮನೆ ಓದುತ್ತಾ ಕೂತು, ದೊಡ್ಡ ಬಿಲ್ ಹೋಗುವ ಹೊತ್ತಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ನಿಮ್ಮ ಹೆಸರಿನಲ್ಲೇ ಬರೆಯುತ್ತಾರೆ. ಖರೀದಿದಾರರ ಉತ್ತರ ನಿಮಗೆ ಕಾಣದಂತೆ ಒಂದು ಫಿಲ್ಟರ್ ಇಟ್ಟಿರುತ್ತಾರೆ. ಆದ್ದರಿಂದ ಪ್ರತಿ ಸೋಮವಾರ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ಸ್ ಮತ್ತು ಫಾರ್ವರ್ಡಿಂಗ್ ಎರಡೂ ಪುಟ ನೋಡಿ. ನೀವು ಇಡದ ಒಂದು ಸಾಲು ಕಂಡರೂ ಖಾತೆ ಕೈತಪ್ಪಿದೆ ಎಂದೇ ತಿಳಿಯಿರಿ. ಕಂಪ್ಯೂಟರಿನಲ್ಲಿ ಇನ್‌ಬಾಕ್ಸ್ ತೆರೆದಾಗ ಕೆಳಗಿನ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಾಣುವ ಡೀಟೇಲ್ಸ್ ಒತ್ತಿದರೆ ಇತ್ತೀಚೆಗೆ ಎಲ್ಲಿಂದ ಖಾತೆ ತೆರೆದಿದ್ದಾರೆ ಎಂಬ ಪಟ್ಟಿಯೂ ಬರುತ್ತದೆ. ಎರಡು ಹಂತದ ಪರಿಶೀಲನೆ ಕಡ್ಡಾಯ. ಬ್ಯಾಂಕ್ ಖಾತೆ ಬದಲಾವಣೆಯ ಮಾತು ಯಾವ ಕಡೆಯಿಂದ ಬಂದರೂ ಹಳೆಯ ಫೋನ್ ನಂಬರಿಗೆ ಕರೆಮಾಡಿ ಕೇಳದೆ ಒಂದು ರೂಪಾಯಿ ಕಳಿಸಬಾರದು.

ಐದಕ್ಕಿಂತ ಕಡಿಮೆ ಕಂಪ್ಯೂಟರ್ ಇರುವವರು ಇಲ್ಲಿಗೇ ನಿಲ್ಲಿಸಿ, ಹಂತ 3ರ ಸಂಖ್ಯೆಗಳನ್ನು ವಾರಕ್ಕೆರಡು ಸಲ ಇವೆಂಟ್ ವ್ಯೂವರ್‌ನಲ್ಲೇ ಫಿಲ್ಟರ್ ಹಾಕಿ ನೋಡಿದರೆ ಸಾಕು. ಹತ್ತು ದಾಟಿದವರಿಗೆ ಎಲ್ಲ ಯಂತ್ರಗಳ ದಾಖಲೆಯನ್ನು ಒಂದೆಡೆ ನೋಡುವ ಸರ್ವರ್ ಬೇಕು. ಅದು ನಡೆಯುವುದು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಮೇಲೆ. ಲಿನಕ್ಸ್ ಮುಟ್ಟುವವರೇ ಸಿಗದಿದ್ದರೆ ಮೈಕ್ರೋಸಾಫ್ಟ್ ಡಿಫೆಂಡರ್ ಫಾರ್ ಬಿಸಿನೆಸ್‌ಗೆ ತಲೆಗಿಷ್ಟು ಎಂದು ತಿಂಗಳ ಹಣ ಕಟ್ಟುವುದು, ಯಾರೂ ನೋಡದ ಉಚಿತ ಸರ್ವರ್‌ಗಿಂತ ಒಳ್ಳೆಯದು.

ಹಂತ 5: ವಾಜೂ ಸರ್ವರ್

ವಾಜೂ ಉಚಿತ, ಮುಕ್ತ ತಂತ್ರಾಂಶ. ಪ್ರತಿ ಕಂಪ್ಯೂಟರಿನಲ್ಲಿ ಒಂದು ಸಣ್ಣ ಏಜೆಂಟ್ ಕೂರುತ್ತದೆ, ಅದು ದಾಖಲೆಗಳನ್ನು ಸರ್ವರಿಗೆ ಕಳಿಸುತ್ತದೆ, ಸರ್ವರ್ ನಿಯಮಗಳ ಜೊತೆ ಹೋಲಿಸಿ ಎಚ್ಚರಿಕೆ ಕೊಡುತ್ತದೆ. ಇದರ ದೊಡ್ಡ ಲಾಭ: ಕಳ್ಳರು ಟ್ಯಾಲಿ ಯಂತ್ರದ ಲಾಗ್ ಅಳಿಸಿದರೂ ಅದರಿಂದ ಎದ್ದ ಎಚ್ಚರಿಕೆಗಳು ಸರ್ವರಿನಲ್ಲಿ ಉಳಿದಿರುತ್ತವೆ.

25 ಏಜೆಂಟ್‌ಗಳವರೆಗೆ, 90 ದಿನದ ದಾಖಲೆಗೆ ವಾಜೂದವರು ಹೇಳುವ ಅಳತೆ 4 ಕೋರ್, 8 ಜಿಬಿ ರ‍್ಯಾಮ್, 50 ಜಿಬಿ ಜಾಗ. ನೀವು 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಹಾಕಿ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಹುಡುಕಾಟ ತೆವಳುತ್ತದೆ.

ಯಂತ್ರ ಇಡುವ ಜಾಗವೂ ಮುಖ್ಯ. ಗಿರಣಿಯ ತೌಡಿನ ಧೂಳು, ಜಿನ್ನಿಂಗ್‌ನ ಹತ್ತಿಯ ಎಳೆ ಫ್ಯಾನಿಗೆ ಸುತ್ತಿಕೊಳ್ಳುತ್ತವೆ, ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಮುಚ್ಚಿದ ಅಲ್ಮೇರಾದಲ್ಲಿ ಅದು ಬೇಯುತ್ತದೆ. ಮಾಲೀಕರ ಕೋಣೆ ಅಥವಾ ಲೆಕ್ಕದ ಕೋಣೆ ಸರಿ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಸಿ. ಯುಪಿಎಸ್‌ಗೆ ಸರ್ವರ್ ಮಾತ್ರವಲ್ಲ, ರೂಟರ್ ಮತ್ತು ಸ್ವಿಚ್ ಕೂಡ ಸೇರಬೇಕು. ಕರೆಂಟ್ ಹೋದಾಗ ಇವು ಆರಿದರೆ ಎಚ್ಚರಿಕೆ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗ ಮೊದಲು ಸಿಗುವ ಸೆಟ್ಟಿಂಗ್ಸ್) ಕರೆಂಟ್ ಬಂದ ಕೂಡಲೇ ತಾನಾಗಿ ಚಾಲೂ ಆಗುವ ಆಯ್ಕೆ ಇಡಿ. ಇಲ್ಲದಿದ್ದರೆ ಶನಿವಾರ ರಾತ್ರಿ ಆರಿದ್ದು ಸೋಮವಾರ ಬೆಳಗಿನವರೆಗೆ ಆರಿಯೇ ಇರುತ್ತದೆ.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಸರ್ವರ್‌ನ ಎಲ್‌ಟಿಎಸ್ (ಬಹುಕಾಲ ಬೆಂಬಲವಿರುವ) ಆವೃತ್ತಿ ಹಾಕಿ. ರೂಟರಿನಲ್ಲಿ ಈ ಯಂತ್ರಕ್ಕೆ ಕಾಯಂ ವಿಳಾಸ ಕೊಡಿ, ಉದಾಹರಣೆಗೆ 192.168.1.10. ವಿಳಾಸ ಬದಲಾದರೆ ಏಜೆಂಟ್‌ಗಳೆಲ್ಲ ದಾರಿ ತಪ್ಪುತ್ತವೆ. ಟೈಮ್‌ಝೋನ್ ಏಷ್ಯಾ-ಕೋಲ್ಕತ್ತಾ ಎಂದು ಇಡುವುದನ್ನು ಮರೆಯಬೇಡಿ. ಉಬುಂಟು ಸರ್ವರ್ ಮೊದಲಿಗೆ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತದೆ. ಹಾಗೇ ಬಿಟ್ಟರೆ ಮುಂದೆ ನೀವು ಬರೆಯುವ "ರಾತ್ರಿ 9ರಿಂದ ಬೆಳಿಗ್ಗೆ 6" ಎಂಬ ನಿಯಮ ಐದೂವರೆ ಗಂಟೆ ಆಚೀಚೆ ಕೆಲಸ ಮಾಡುತ್ತದೆ.

ನಂತರ ವಾಜೂದ ಅಧಿಕೃತ ತಾಣದಲ್ಲಿರುವ ಕ್ವಿಕ್‌ಸ್ಟಾರ್ಟ್ ಪುಟದ ಆಜ್ಞೆ ನಕಲಿಸಿ ಓಡಿಸಿ. ಸರ್ವರ್, ಎಚ್ಚರಿಕೆಗಳನ್ನು ಕೂಡಿಡುವ ಇಂಡೆಕ್ಸರ್, ಅವನ್ನು ಬ್ರೌಸರಿನಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಮೂರೂ ಒಂದೇ ಯಂತ್ರದಲ್ಲಿ ಕೂರುತ್ತವೆ. ಕೊನೆಯಲ್ಲಿ ಪರದೆಯ ಮೇಲೆ ಅಡ್ಮಿನ್ ಪಾಸ್‌ವರ್ಡ್ ತೋರಿಸುತ್ತದೆ. ಅದನ್ನು ಬರೆದು ತಿಜೋರಿಯಲ್ಲಿಡಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಡ್ಯಾಶ್‌ಬೋರ್ಡಿನ 443, ಏಜೆಂಟ್‌ಗಳ 1514 ಮತ್ತು 1515 ಪೋರ್ಟ್‌ಗಳು ಕಚೇರಿಯ ಒಳಗಷ್ಟೇ ತೆರೆದಿರಬೇಕು. ಬೇರೆ ಊರಿನ ಶಾಖೆಯಿದ್ದರೆ ಅದನ್ನು ವಿಪಿಎನ್ ಮೂಲಕವೇ ಸೇರಿಸಿ.

ಹಂತ 6: ಏಜೆಂಟ್‌ಗಳು

ಮೊದಲ ದಿನ ಎರಡೇ ಯಂತ್ರ: ಟ್ಯಾಲಿಯದು ಮತ್ತು ಬ್ಯಾಂಕಿನದು. ಒಂದು ವಾರ ಅವನ್ನೇ ನೋಡಿ, ಆಮೇಲೆ ಉಳಿದವು. ಏಜೆಂಟ್‌ನ ಆವೃತ್ತಿ ಸರ್ವರಿಗಿಂತ ಹೊಸದಾಗಿರಬಾರದು. ಡ್ಯಾಶ್‌ಬೋರ್ಡಿನ ಹೊಸ ಏಜೆಂಟ್ ಪುಟ ಕೊಡುವ ಆಜ್ಞೆಯನ್ನೇ ಪವರ್‌ಶೆಲ್‌ನಲ್ಲಿ ಹಾಕಿದರೆ ಈ ತೊಂದರೆ ಬರುವುದಿಲ್ಲ.

ಏಜೆಂಟ್ ಮೊದಲಿನಿಂದ ಓದುವುದು ಅಪ್ಲಿಕೇಶನ್, ಸೆಕ್ಯುರಿಟಿ, ಸಿಸ್ಟಮ್ ಎಂಬ ಮೂರು ಲಾಗ್‌ಗಳನ್ನು ಮಾತ್ರ. ಡಿಫೆಂಡರ್‌ನ ಆಪರೇಶನಲ್ ಲಾಗ್ ಅದರಲ್ಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಡಿಫಾಲ್ಟ್ ಗುಂಪಿನ ಸಂರಚನೆ ತೆರೆದು ಅದನ್ನು ಸೇರಿಸಿ, ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹೋಗುತ್ತದೆ. ಇದನ್ನು ಮರೆತರೆ ವೈರಸ್ ಸಿಕ್ಕರೂ ಸರ್ವರಿಗೆ ಗೊತ್ತಾಗುವುದಿಲ್ಲ.

ಕಡತ ಕಾವಲಿಗೆ ಟ್ಯಾಲಿಯ ಡೇಟಾ ಫೋಲ್ಡರ್ ಕೊಡಬೇಕೆಂದು ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಬೇಡ. ಪ್ರತಿ ವೋಚರ್‌ಗೂ ಆ ಕಡತಗಳು ಬದಲಾಗುತ್ತವೆ, ಎಚ್ಚರಿಕೆಗೆ ಲೆಕ್ಕವಿರುವುದಿಲ್ಲ. ಬದಲಿಗೆ ಶೇರ್ ಡ್ರೈವ್‌ನಲ್ಲಿ ಹಳೆಯ ಬಿಲ್ಲುಗಳ ಹತ್ತಿಪ್ಪತ್ತು ಪ್ರತಿ ತುಂಬಿದ ಒಂದು ಫೋಲ್ಡರ್ ಮಾಡಿ, ಅದನ್ನು ಯಾರೂ ಮುಟ್ಟಬಾರದೆಂದು ಹೇಳಿ, ಅದಕ್ಕೆ ರಿಯಲ್‌ಟೈಮ್ ಕಾವಲು ಇಡಿ. ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ, ಮುಟ್ಟಿದ ಕ್ಷಣ ಸುದ್ದಿ ಬರುತ್ತದೆ. ರಿಯಲ್‌ಟೈಮ್ ಫೋಲ್ಡರ್‌ಗಳಿಗೆ ಮಾತ್ರ ನಡೆಯುತ್ತದೆ, ಒಂಟಿ ಕಡತದ ಹೆಸರು ಕೊಟ್ಟರೆ ನಡೆಯುವುದಿಲ್ಲ. ರಿಯಲ್‌ಟೈಮ್ ಇಡದಿದ್ದರೆ 12 ಗಂಟೆಗೊಮ್ಮೆ ನೋಡುತ್ತದೆ, ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹಳೆಯ ಯಂತ್ರಗಳಲ್ಲಿ ಬಯಾಸ್ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗುವುದು ಸಾಮಾನ್ಯ. ಆಗ ಘಟನೆಗಳ ಸಮಯ ಒಂದಕ್ಕೊಂದು ಹೊಂದುವುದಿಲ್ಲ. ಸಿಆರ್2032 ಸೆಲ್ ಬದಲಿಸಿ, ಸಮಯವನ್ನು ಕೇಂದ್ರದ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸರಿಯಾದ ಸಮಯ ತಿಳಿಸುವ) ಸರ್ವರ್‌ಗೆ ಹೊಂದಿಸಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲೂ ಇದನ್ನೇ ಹೇಳಿದೆ.

ಹಂತ 7: ಗದ್ದಲ ಇಳಿಸಿ, ಹತ್ತು ಸುಳಿವು ಏರಿಸಿ

ವಾಜೂ ಪ್ರತಿ ಘಟನೆಗೂ ಒಂದು ಮಟ್ಟ ಕೊಡುತ್ತದೆ. 3 ಮತ್ತು ಮೇಲಿನದು ದಾಖಲಾಗುತ್ತದೆ, 12 ಮತ್ತು ಮೇಲಿನದು ಮೇಲ್ ಆಗುತ್ತದೆ. ತೊಂದರೆ ಏನೆಂದರೆ ನಮಗೆ ಬೇಕಾದ ಹಲವು ಸುಳಿವುಗಳು 12ಕ್ಕಿಂತ ಕೆಳಗಿವೆ. ಹೊಸ ಬಳಕೆದಾರ ಖಾತೆ 8ರಲ್ಲಿ, ವಿಂಡೋಸ್‌ನಲ್ಲಿ ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡ್ 10ರಲ್ಲಿ, ಏಜೆಂಟ್ ಸಂಪರ್ಕ ತಪ್ಪಿದ್ದು ಬರೀ 3ರಲ್ಲಿ. ಮೇಲ್ ಮಟ್ಟವನ್ನೇ 5ಕ್ಕೆ ಇಳಿಸಿದರೆ ದಿನಕ್ಕೆ ನೂರಾರು ಮೇಲ್ ಬರುತ್ತವೆ. ಅದಕ್ಕೆ ಬೇಕಾದ ಸುಳಿವುಗಳನ್ನು ಮಾತ್ರ 12ಕ್ಕೆ ಏರಿಸುವುದು ಸರಿಯಾದ ದಾರಿ.

ಮಾಡುವ ಕ್ರಮ ಹೀಗೆ. ಒಂದು ಯಂತ್ರದಲ್ಲಿ ಸುಳ್ಳು ಬಳಕೆದಾರ ಖಾತೆ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಅದರ ಎಚ್ಚರಿಕೆ ಹುಡುಕಿ, ಅದರಲ್ಲಿರುವ ರೂಲ್ ಐಡಿ ಬರೆದುಕೊಳ್ಳಿ. ಈಗ ಲೋಕಲ್ ರೂಲ್ಸ್ ಕಡತದಲ್ಲಿ 100000ದಿಂದ 120000ದೊಳಗಿನ ಹೊಸ ಸಂಖ್ಯೆಯ ಒಂದು ನಿಯಮ ಬರೆದು, ಆ ಐಡಿಯನ್ನು ತಾಯಿ ನಿಯಮವೆಂದು ತೋರಿಸಿ, ಮಟ್ಟ 12 ಎಂದು ಕೊಡಿ. ಚೀಟಿಯಲ್ಲಿರುವ ಪ್ರತಿ ಸುಳಿವಿಗೂ, ಹಂತ 6ರ ಬಲೆಯ ಫೋಲ್ಡರ್ ಬದಲಾದದ್ದಕ್ಕೂ, ಏಜೆಂಟ್ ಸಂಪರ್ಕ ತಪ್ಪಿದ್ದಕ್ಕೂ ಹೀಗೇ. 4688ರಲ್ಲಿ ಶ್ಯಾಡೋ ಕಾಪಿ ಅಳಿಸಿದ ಸಾಲನ್ನು ಮಾತ್ರ ಏರಿಸಿ. ತಪ್ಪು ಪಾಸ್‌ವರ್ಡ್‌ನಲ್ಲಿ ಮಾತ್ರ ಒಂಟಿ 4625 ಏರಿಸಬೇಡಿ, ಮೇಲಿಂದ ಮೇಲೆ ಬಂದಾಗ ಏಳುವ ನಿಯಮವನ್ನು ಏರಿಸಿ. ವಾಜೂದ ಸ್ವಂತ ನಿಯಮದ ಕಡತಗಳನ್ನು ತಿದ್ದಬೇಡಿ, ಮುಂದಿನ ಅಪ್‌ಗ್ರೇಡ್‌ನಲ್ಲಿ ಅಳಿದುಹೋಗುತ್ತವೆ. ಒಂದು ಆವರಣ ಚಿಹ್ನೆ ತಪ್ಪಿದರೂ ಸರ್ವರ್ ಮರುಚಾಲೂ ಆಗುವುದಿಲ್ಲ. ಆದ್ದರಿಂದ ಒಂದೊಂದೇ ನಿಯಮ ಸೇರಿಸಿ, ರೂಲ್‌ಸೆಟ್ ಟೆಸ್ಟ್‌ನಲ್ಲಿ ನೋಡಿ, ಮುಂದೆ ಹೋಗಿ.

ಸಮಯದ ನಿಯಮ ನಮ್ಮ ಕಚೇರಿಗಳಿಗೆ ಬಹಳ ಉಪಯುಕ್ತ: ರಾತ್ರಿ 9ರಿಂದ ಬೆಳಿಗ್ಗೆ 6ರೊಳಗೆ ಟೈಪ್ 10 ಲಾಗಿನ್ ಆದರೆ ಮಟ್ಟ 12. ಆದರೆ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಭತ್ತ ಬರುವ ದಿನಗಳಲ್ಲಿ ಗಿರಣಿ ರಾತ್ರಿಯಿಡೀ ನಡೆಯುತ್ತದೆ, ತೂಕದ ಸಿಸ್ಟಮ್ ಮಧ್ಯರಾತ್ರಿಯೂ ಬಳಕೆಯಲ್ಲಿರುತ್ತದೆ. ಪತ್ತಿನ ಸಂಘಗಳಲ್ಲಿ ಮಾರ್ಚ್ ಕೊನೆಯ ವಾರ ಹಾಗೇ. ನಿಮ್ಮ ಕಚೇರಿಯ ಸಹಜ ಏನೆಂದು ಬಲ್ಲವರು ನೀವೇ. ಆ ತಿಂಗಳುಗಳಿಗೆ ತೂಕದ ಯಂತ್ರವನ್ನು ಈ ನಿಯಮದಿಂದ ಬಿಡಿಸಿ, ಬ್ಯಾಂಕ್ ಯಂತ್ರವನ್ನು ಮಾತ್ರ ಎಂದೂ ಬಿಡಿಸಬೇಡಿ.

ಮೊದಲ ದಿನ ಸಂರಚನೆಯ ದೋಷಗಳ ಬಗ್ಗೆ ನೂರಾರು ಎಚ್ಚರಿಕೆ ಬರುತ್ತವೆ. ಅವು ಪುರುಸೊತ್ತಿನಲ್ಲಿ ಸರಿಪಡಿಸುವ ಪಟ್ಟಿ, ದಾಳಿಯ ಸುದ್ದಿಯಲ್ಲ. ಹಾಗೆಯೇ, ದಾಳಿಕೋರರನ್ನು ತಾನಾಗಿ ತಡೆಯುವ ಆ್ಯಕ್ಟಿವ್ ರೆಸ್ಪಾನ್ಸ್ ಮೊದಲ ಮೂರು ತಿಂಗಳು ಬೇಡ. ತಪ್ಪಾಗಿ ನಿಮ್ಮ ಬಿಲ್ಲಿಂಗ್ ಯಂತ್ರವನ್ನೇ ತಡೆದರೆ ಕೌಂಟರ್ ಮುಂದೆ ಸಾಲು ನಿಲ್ಲುತ್ತದೆ.

ಹಂತ 8: ಫೋನಿಗೆ ತಲುಪಿಸಿ

ವಾಜೂ ನೇರವಾಗಿ ಜಿಮೇಲ್‌ಗೆ ಲಾಗಿನ್ ಆಗಲಾರದು. ಅದೇ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಕಳಿಸುವ ತಂತ್ರಾಂಶ ಹಾಕಿ, ಅದು ಜಿಮೇಲ್‌ನ 587 ಪೋರ್ಟ್ ಮೂಲಕ ಕಳಿಸುವಂತೆ ಹೊಂದಿಸಬೇಕು. ಇದಕ್ಕೆಂದೇ ಹೊಸ ಜಿಮೇಲ್ ಖಾತೆ ತೆರೆದು, ಎರಡು ಹಂತದ ಪರಿಶೀಲನೆ ಇಟ್ಟು, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಗಂಟೆಗೆ 12 ಮೇಲ್ ದಾಟಿದರೆ ಉಳಿದವನ್ನು ವಾಜೂ ಕೂಡಿಟ್ಟು ಗಂಟೆಯ ಕೊನೆಗೆ ಕಳಿಸುತ್ತದೆ, ಇದು ಗೊತ್ತಿರಲಿ. ಫೋನಿನಲ್ಲಿ ಈ ಖಾತೆಯ ಮೇಲ್‌ಗೆ ಬೇರೆ ಜೋರಾದ ದನಿ ಇಡಿ.

ಇದರ ಜೊತೆಗೆ ಪ್ರತಿದಿನ ಬೆಳಿಗ್ಗೆ 9ಕ್ಕೆ "ಸರ್ವರ್ ನಡೆಯುತ್ತಿದೆ" ಎಂಬ ಒಂದು ಮೇಲ್ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಲಿನಕ್ಸ್ ಸಾಧನ) ಮೂಲಕ ಬರಲಿ. ಎಚ್ಚರಿಕೆಯ ಮೇಲ್ ಬಾರದ ದಿನ ಎಲ್ಲ ಚೆನ್ನಾಗಿದೆ ಎಂದೋ ಸರ್ವರ್ ಸತ್ತಿದೆ ಎಂದೋ ತಿಳಿಯುವುದು ಇದರಿಂದಲೇ.

ಹಂತ 9: ಕಳ್ಳರಾಗಿ ಪರೀಕ್ಷಿಸಿ

ಸಂಜೆ ಕೆಲಸ ಮುಗಿದ ಮೇಲೆ ಒಬ್ಬರು ಮಾಡಿ, ಇನ್ನೊಬ್ಬರು ಫೋನ್ ಹಿಡಿದು ಕೂರಿ. ಹದಿನೈದು ತಪ್ಪು ಪಾಸ್‌ವರ್ಡ್ ಬಡಬಡನೆ ಹಾಕಿ. ಸುಳ್ಳು ಖಾತೆ ಮಾಡಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿ. ಆಂಟಿವೈರಸ್ ಪರೀಕ್ಷೆಗೆಂದೇ ಇರುವ, ಯಾವ ಹಾನಿಯೂ ಇಲ್ಲದ 68 ಅಕ್ಷರದ ಐಕಾರ್ ಕಡತ ಇಳಿಸಿಕೊಳ್ಳಿ. ಬಲೆಯ ಫೋಲ್ಡರಿನ ಒಂದು ಕಡತ ತಿದ್ದಿ. ಏಜೆಂಟ್ ಸರ್ವಿಸ್ ನಿಲ್ಲಿಸಿ. ಕೊನೆಗೆ ಸೆಕ್ಯುರಿಟಿ ಲಾಗ್ ಅಳಿಸಿ. ಪ್ರತಿಯೊಂದಕ್ಕೂ ಎಷ್ಟು ನಿಮಿಷದಲ್ಲಿ ಮೇಲ್ ಬಂತು ಎಂದು ಬರೆಯಿರಿ. ಬಾರದಿದ್ದರೆ ಹಿಂದಿನಿಂದ ಹುಡುಕುತ್ತ ಬನ್ನಿ: ಇವೆಂಟ್ ವ್ಯೂವರ್‌ನಲ್ಲಿದೆಯೇ, ಡ್ಯಾಶ್‌ಬೋರ್ಡಿಗೆ ಬಂತೇ, ಮಟ್ಟ 12 ಆಯಿತೇ, ಪೋಸ್ಟ್‌ಫಿಕ್ಸ್ ಕಳಿಸಿತೇ, ಸ್ಪ್ಯಾಮ್‌ಗೆ ಬಿತ್ತೇ. ಇವೆಂಟ್‌ನ ಒಳವಿವರದಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಕಂಡರೆ ಗಾಬರಿ ಬೇಡ, ಅದು ಯುಟಿಸಿ. ಮುಗಿದ ಮೇಲೆ ಸುಳ್ಳು ಖಾತೆ ಅಳಿಸುವುದನ್ನು ಮರೆಯಬೇಡಿ. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮತ್ತೆ.

ದಿನದ ಕಾಲು ಗಂಟೆ

ಬೆಳಿಗ್ಗೆ ಗಿರಾಕಿಗಳ ಗದ್ದಲ ಇಳಿದ ಮೇಲೆ ಕೂರಿ. ಏಜೆಂಟ್‌ಗಳೆಲ್ಲ ಬಂದಿವೆಯೇ, ಮಟ್ಟ 12 ಮತ್ತು ಅದರ ಮೇಲೆ ಏನಿದೆ, ನಿನ್ನೆಯ ಬ್ಯಾಕಪ್ ಕಡತದ ತಾರೀಖು ಮತ್ತು ಗಾತ್ರ ಸರಿಯಿದೆಯೇ. ಗಾತ್ರ ನೋಡಲೇಬೇಕು, ಬ್ಯಾಕಪ್ ಆಯಿತೆಂದು ತೋರಿಸಿ ಸೊನ್ನೆ ಕೆಬಿ ಕಡತ ಇಟ್ಟಿರುವುದುಂಟು. ಬ್ಯಾಕಪ್‌ನ ಒಂದು ಪ್ರತಿ ಕೆಲಸ ಮುಗಿದ ಕೂಡಲೇ ಬಿಚ್ಚಿಡುವ ಡಿಸ್ಕಿನಲ್ಲಿರಲಿ. ಸದಾ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿ.

ನಿಜವಾದ ಎಚ್ಚರಿಕೆ ಬಂದಾಗ

ಆ ಯಂತ್ರದ ಲ್ಯಾನ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಯಂತ್ರವನ್ನು ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಆದರೆ ಕಡತಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಸಾಕ್ಷ್ಯಕ್ಕಿಂತ ಕಡತ ಮುಖ್ಯ, ಕರೆಂಟಿನ ವೈರ್ ಎಳೆದುಬಿಡಿ. ಬ್ಯಾಕಪ್ ಡಿಸ್ಕ್ ಎಲ್ಲಿಯೇ ಚುಚ್ಚಿದ್ದರೂ ಕೀಳಿ. ಪರದೆಯ ಫೋಟೊ ಫೋನಿನಲ್ಲಿ ತೆಗೆಯಿರಿ. ಪಾಸ್‌ವರ್ಡ್ ಬದಲಿಸುವುದನ್ನು ಬೇರೆ ಶುದ್ಧ ಯಂತ್ರದಿಂದ ಮಾಡಿ: ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು.

ಹಣ ಹೋಗಿದ್ದರೆ ಬ್ಯಾಂಕಿಗೆ ಹೇಳಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯಲು ಮೊದಲ ಕೆಲವು ಗಂಟೆಗಳೇ ಆಧಾರ. ಲಿಖಿತ ದೂರು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಪೊಲೀಸ್ ಠಾಣೆಯಲ್ಲಿ. ಸರ್ಟ್-ಇನ್ ನಿರ್ದೇಶನದಂತೆ ಅವರು ಪಟ್ಟಿಮಾಡಿದ ಬಗೆಯ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನೊಂದಾಯಿತ ಕಂಪನಿ, ಸಂಸ್ಥೆಗಳವರು ಇದು ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ. ಬೀಗ ತೆರೆಯಲು ಹಣ ಕೊಡುವ ಮೊದಲು ನೋ ಮೋರ್ ರ‍್ಯಾನ್ಸಮ್ ಎಂಬ ಉಚಿತ ತಾಣದಲ್ಲಿ ಅದರ ಕೀಲಿ ಇದೆಯೇ ನೋಡಿ. ಯಂತ್ರ ಶುದ್ಧಮಾಡುವ ಉಚಿತ ಸಾಧನಗಳು ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಸಿಗುತ್ತವೆ.

ಸರ್ವರ್ ತಾನೇ ನಿಲ್ಲದಂತೆ

ವಾಜೂ ಹಳೆಯ ದಾಖಲೆಗಳನ್ನು ತಾನಾಗಿ ಅಳಿಸುವುದಿಲ್ಲ. ಡಿಸ್ಕ್ 95 ಶೇಕಡ ತುಂಬಿದಾಗ ಇಂಡೆಕ್ಸರ್ ಬರೆಯುವುದನ್ನೇ ನಿಲ್ಲಿಸುತ್ತದೆ, ಡ್ಯಾಶ್‌ಬೋರ್ಡ್ ಶಾಂತವಾಗಿ ಕಾಣುತ್ತದೆ. ಇನ್ನೊಂದು ಅಡಚಣೆ ಇದಕ್ಕಿಂತ ಗೂಢ: ದಿನಕ್ಕೊಂದು ಇಂಡೆಕ್ಸ್ (ಆ ದಿನದ ಎಚ್ಚರಿಕೆಗಳ ಕಟ್ಟು), ಪ್ರತಿಯೊಂದಕ್ಕೂ 3 ಶಾರ್ಡ್ (ತುಂಡು), ಒಂದು ಯಂತ್ರದಲ್ಲಿ ಶಾರ್ಡ್‌ಗಳ ಮಿತಿ 1000. ಹನ್ನೊಂದು ತಿಂಗಳಾಗುವಷ್ಟರಲ್ಲಿ ಮಿತಿ ಮುಟ್ಟಿ, ಡಿಸ್ಕಿನಲ್ಲಿ ಜಾಗವಿದ್ದರೂ ಹೊಸ ಎಚ್ಚರಿಕೆ ದಾಖಲಾಗುವುದಿಲ್ಲ. ಆದ್ದರಿಂದ ಹಾಕಿದ ವಾರದಲ್ಲೇ ಟೆಂಪ್ಲೇಟಿನಲ್ಲಿ ಶಾರ್ಡ್ ಸಂಖ್ಯೆ 1 ಮಾಡಿ, ಇಂಡೆಕ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ 200 ದಿನ ದಾಟಿದ್ದು ಅಳಿಯುವ ನೀತಿ ಇಡಿ. ಇಲ್ಲಿ ಉಳಿಯುವುದು ಎಚ್ಚರಿಕೆಗಳು ಮಾತ್ರ. ಎಲ್ಲ ಘಟನೆಗಳೂ ಉಳಿಯಬೇಕಾದರೆ ಆರ್ಕೈವ್ ಆಯ್ಕೆ ಚಾಲೂ ಮಾಡಿ, ತಿಂಗಳಿಗೊಮ್ಮೆ ಆ ಸಂಕುಚಿತ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ ತಿಜೋರಿಯಲ್ಲಿಡಿ.

ಅಪ್‌ಗ್ರೇಡ್ ಮಾಡುವಾಗ ಮೊದಲು ಸರ್ವರಿನ ಮೂರೂ ಭಾಗ, ಕೊನೆಗೆ ಏಜೆಂಟ್‌ಗಳು. ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ವಿಂಡೋಸ್ ಖಾತೆ, ಮೇಲ್, ಎನಿಡೆಸ್ಕ್ ಅನುಮತಿ ತೆಗೆದು, ನೋಟ್‌ಬುಕ್ಕಿನ ಮೊದಲ ಪುಟದ ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆದು ತಾರೀಖು ಬರೆಯಿರಿ. ಆ ಹೆಸರಿನಲ್ಲಿ ಮುಂದೆ ಒಂದು 4625 ಬಂದರೂ, ಅದನ್ನು ಮಟ್ಟ 12ಕ್ಕೆ ಏರಿಸುವ ನಿಯಮವೊಂದು ಲೋಕಲ್ ರೂಲ್ಸ್‌ನಲ್ಲಿ ಸೇರಿರಲಿ.